ಪೇಮೆಂಟ್ ಹಾಲಿಡೇ ಬಗ್ಗೆ ಬ್ಯಾಂಕಿನವರು ತಪ್ಪು ಹೇಳಿದ್ದರೆ ಏನು ಮಾಡಬೇಕು?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಮಾರ್ಟ್‌ಗೇಜ್ ಸಾಲದ ಮೇಲೆ ಮನೆ ಕೊಂಡಿದ್ದೇವೆ. ಹೆರಿಗೆ ರಜೆಯಲ್ಲಿದ್ದಾಗ ಮೂರು ತಿಂಗಳ ಪೇಮೆಂಟ್ ಹಾಲಿಡೇ, ಅಂದರೆ ಕಂತು ಕಟ್ಟದಿರಲು ಬಿಡುವು, ಕೇಳಿದೆವು. ‘ಕ್ರೆಡಿಟ್ ಫೈಲಿಗೆ (ಸಾಲ ಮರುಪಾವತಿಯ ದಾಖಲೆಗೆ) ಏನೂ ಆಗುವುದಿಲ್ಲ, ಕಂತೂ ಮೊದಲಿನಷ್ಟೇ ಇರುತ್ತದೆ’ ಎಂದು ಫೋನಿನಲ್ಲಿ ಹೇಳಿದ್ದರು. ಈಗ ಕಂತು ಏರಿದೆ. ಸಾಲವನ್ನು ಬೇರೆ ಬ್ಯಾಂಕಿಗೆ ಬದಲಿಸಲು (ರೀಮಾರ್ಟ್‌ಗೇಜ್) ಹೋದರೆ ಅರ್ಜಿ ತಿರಸ್ಕರಿಸಿದ್ದಾರೆ. ದೂರು ಕೊಟ್ಟರೆ ಆ ಮೂರು ತಿಂಗಳ ಬಡ್ಡಿ ಮನ್ನಾ ಆಗುತ್ತದೆಯೇ?

ಉತ್ತರ: ದೂರು ಖಂಡಿತ ಕೊಡಿ. ಆದರೆ ಬಡ್ಡಿ ಮನ್ನಾ ಮಾಡಿ ಎಂದು ಕೇಳಬೇಡಿ. ಇಂಥ ದೂರುಗಳು ಹೆಚ್ಚಾಗಿ ಮುಗ್ಗರಿಸುವುದೇ ಅಲ್ಲಿ.

ಕಾರಣ ಸರಳ. ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ತೀರ್ಮಾನಿಸುವ ಬ್ರಿಟನ್ನಿನ ಫೈನಾನ್ಶಿಯಲ್ ಒಂಬುಡ್ಸ್‌ಮನ್ ಸರ್ವಿಸ್ ಇಂಥ ಪ್ರಕರಣದಲ್ಲಿ ಕೇಳುವ ಪ್ರಶ್ನೆ ಒಂದೇ: ಸರಿಯಾದ ಮಾಹಿತಿ ಸಿಕ್ಕಿದ್ದರೆ ನೀವು ಏನು ಮಾಡುತ್ತಿದ್ದಿರಿ? ತಪ್ಪು ಮಾತು ನಿಜವಾಗಿದ್ದರೆ ನಿಮಗೆ ಎಷ್ಟು ಲಾಭವಾಗುತ್ತಿತ್ತು ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಣ ಮೂರು ತಿಂಗಳು ನಿಮ್ಮ ಬಳಿಯೇ ಉಳಿದಿತ್ತು, ಬಡ್ಡಿ ಹೇಗೂ ಬರಲೇಬೇಕಿತ್ತು ಎಂಬ ವಾದಕ್ಕೆ ನಿಮ್ಮಲ್ಲಿ ಉತ್ತರವಿಲ್ಲ. ‘ಉಳಿತಾಯ ಖಾತೆಯಲ್ಲಿ ಹಣವಿತ್ತು, ಕ್ರೆಡಿಟ್ ಫೈಲಿಗೆ ಪೆಟ್ಟು ಬೀಳುತ್ತದೆಂದು ಹೇಳಿದ್ದರೆ ಕಂತು ಕಟ್ಟಿಬಿಡುತ್ತಿದ್ದೆವು’ ಎನ್ನುವ ಮಾತಿಗೆ ತೂಕವಿದೆ. ಅದಕ್ಕೆ ಆ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿದ್ದರೆ ಇನ್ನೂ ಗಟ್ಟಿ. ಆಗ ನಿಮ್ಮ ಖಾತೆ ಬರಿದಾಗಿತ್ತು, ಹಾಲಿಡೇ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ ಎಂದಾದರೆ, ಬ್ಯಾಂಕು ತಪ್ಪು ಹೇಳಿದ್ದು ಸಾಬೀತಾದರೂ ಕೈಗೆ ಸಿಗುವುದು ಕ್ಷಮಾಪಣೆ ಮತ್ತು ಮನಸ್ಸಿನ ಕಿರಿಕಿರಿಗೆಂದು ಕೊಡುವ ಸಣ್ಣ ಮೊತ್ತ ಮಾತ್ರ.

ಕಂತು ಏಕೆ ಏರಿತು ಎಂಬುದನ್ನು ಅಂಕಿಯಲ್ಲಿ ನೋಡೋಣ. 2 ಲಕ್ಷ ಪೌಂಡ್ ಸಾಲ, 2.5% ಬಡ್ಡಿ, 25 ವರ್ಷ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 897 ಪೌಂಡ್. ಮೊದಲ ಮೂರು ಕಂತು ನಿಲ್ಲಿಸಿದರೆ ಅಷ್ಟರಲ್ಲಿ ಸುಮಾರು 1,253 ಪೌಂಡ್ ಬಡ್ಡಿ ಅಸಲಿಗೆ ಸೇರಿ, ಬಾಕಿ 2,01,253 ಆಗುತ್ತದೆ. ಸಾಲ ಮುಗಿಯುವ ದಿನಾಂಕ ಬದಲಾಗದಿದ್ದರೆ ಉಳಿದ 297 ತಿಂಗಳಿಗೆ ಕಂತು 909 ಪೌಂಡಿಗೆ ಏರುತ್ತದೆ. ತಿಂಗಳಿಗೆ 12 ಪೌಂಡ್, ಕೊನೆಯವರೆಗೆ ಒಟ್ಟು 930ರ ಆಸುಪಾಸು ಹೆಚ್ಚು. ಅವಧಿಯನ್ನೂ ಮೂರು ತಿಂಗಳು ಮುಂದಕ್ಕೆ ಹಾಕಿದರೆ ಕಂತು 903ಕ್ಕೆ ನಿಲ್ಲುತ್ತದೆ, ಆದರೆ ಒಟ್ಟು ಹೆಚ್ಚುವರಿ 1,690ರ ಹತ್ತಿರ ಹೋಗುತ್ತದೆ. ‘ಹಾಲಿಡೇ’ ಎಂಬ ಪದವೇ ಅರ್ಧ ಗೊಂದಲಕ್ಕೆ ಮೂಲ. ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆ ಎಫ್‌ಸಿಎ ತನ್ನ ಕೋವಿಡ್ ಮಾರ್ಗಸೂಚಿಯಲ್ಲಿ ಅದನ್ನು ‘ಪೇಮೆಂಟ್ ಡಿಫರಲ್’, ಅಂದರೆ ಮುಂದೂಡಿಕೆ ಎಂದೇ ಕರೆದಿತ್ತು. 2020ರಲ್ಲಿ ರಿಸರ್ವ್ ಬ್ಯಾಂಕ್ ಮೂರು, ಆಮೇಲೆ ಇನ್ನೂ ಮೂರು ತಿಂಗಳ ಮೊರಟೋರಿಯಂ ಕೊಟ್ಟಾಗ ನಮ್ಮೂರಲ್ಲೂ ‘ಇಎಂಐ ಮನ್ನಾ’ ಎಂದು ನಂಬಿದವರು ಕಡಿಮೆಯೇನಲ್ಲ.

ಇನ್ನು ಕ್ರೆಡಿಟ್ ಫೈಲ್. ನಿಮ್ಮದು ಯಾವ ಬಗೆಯ ಹಾಲಿಡೇ ಎಂಬುದರ ಮೇಲೆ ಇದು ನಿಂತಿದೆ. ಕೆಲವು ಮಾರ್ಟ್‌ಗೇಜ್ ಒಪ್ಪಂದಗಳಲ್ಲೇ ಪೇಮೆಂಟ್ ಹಾಲಿಡೇಗೆ ಅವಕಾಶವಿರುತ್ತದೆ. ಮೊದಲೇ ಹೆಚ್ಚುವರಿ ಹಣ ಕಟ್ಟಿರಬೇಕು ಎಂಬಂಥ ಷರತ್ತೂ ಅದಕ್ಕಿರಬಹುದು. ನಿಯಮದಂತೆ ತೆಗೆದುಕೊಂಡರೆ ಅದು ಕಂತು ತಪ್ಪಿದಂತಲ್ಲ. ಕೋವಿಡ್ ಕಾಲದ್ದು ಬೇರೆ: 2020ರ ಮಾರ್ಚ್‌ನಲ್ಲಿ ಶುರುವಾಗಿ, 2021ರ ಮಾರ್ಚ್ 31ಕ್ಕೆ ಅರ್ಜಿ ನಿಂತು, ಜುಲೈ 31ಕ್ಕೆ ಪೂರ್ತಿ ಮುಗಿಯಿತು. ಒಬ್ಬರಿಗೆ ಹೆಚ್ಚೆಂದರೆ ಆರು ತಿಂಗಳು. ಅದನ್ನು ಕಂತು ತಪ್ಪಿದೆ ಎಂದು ದಾಖಲಿಸುವಂತಿರಲಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಹೊಸ ಸಾಲ ಕೊಡುವವರು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಕಂತು ನಿಂತಿದ್ದನ್ನು ಗಮನಿಸಬಹುದಿತ್ತು. ಹಾಗಾಗಿ ‘ಕ್ರೆಡಿಟ್ ಫೈಲಿನಲ್ಲಿ ಬರುವುದಿಲ್ಲ’ ಎಂದಿದ್ದರೆ ಸರಿ, ‘ಮುಂದೆ ಸಾಲಕ್ಕೆ ತೊಂದರೆಯೇ ಆಗುವುದಿಲ್ಲ’ ಎಂದಿದ್ದರೆ ತಪ್ಪು. ಮೂರನೆಯದು, ಕಷ್ಟದಲ್ಲಿರುವವರಿಗೆ ಬ್ಯಾಂಕು ಮಾಡಿಕೊಡುವ ವಿಶೇಷ ಏರ್ಪಾಡು. ಫೋನಿನಲ್ಲಿ ಇದನ್ನೂ ‘ಹಾಲಿಡೇ’ ಎಂದೇ ಕರೆಯುವುದುಂಟು. ಇದರಲ್ಲಿ ಕಟ್ಟದ ಕಂತು ಬಾಕಿಯೆಂದು ದಾಖಲಾಗಿ 6 ವರ್ಷ ಫೈಲಿನಲ್ಲಿ ಉಳಿಯಬಹುದು. ನಿಮ್ಮ ವಿವರ ನೋಡಿದರೆ ಆಗಿರುವುದು ಇದೇ ಇರಬೇಕು. ಕ್ರೆಡಿಟ್ ಫೈಲ್ ಇಡುವ ಸಂಸ್ಥೆಗಳಾದ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಮೂರರಿಂದಲೂ ಉಚಿತ ವರದಿ ತರಿಸಿಕೊಂಡು, ಆ ಮೂರು ತಿಂಗಳ ಎದುರು ಏನಿದೆ ನೋಡಿ. ಒಂದರಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಬಾಕಿ ಎಂದಿರುವುದೂ ಉಂಟು.

ಫೋನ್ ರೆಕಾರ್ಡಿಂಗ್ ಇಲ್ಲಿ ಮುಖ್ಯ ಸಾಕ್ಷಿ, ಅದು ಕೈಗೆ ಬರುವ ಮುಂಚೆ ದೂರು ಬರೆಯಲು ಅವಸರಪಡಬೇಡಿ. ಬ್ಯಾಂಕಿಗೆ ‘ಸಬ್ಜೆಕ್ಟ್ ಆ್ಯಕ್ಸೆಸ್ ರಿಕ್ವೆಸ್ಟ್’ (ನಿಮ್ಮ ಬಗ್ಗೆ ಇಟ್ಟಿರುವ ಮಾಹಿತಿ ಕೊಡಿ ಎಂಬ ಕೋರಿಕೆ) ಕಳಿಸಿದರೆ ಒಂದು ತಿಂಗಳೊಳಗೆ ಉಚಿತವಾಗಿ ಕೊಡಬೇಕು. ತೊಡಕಿನ ಕೋರಿಕೆಯಾದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು. ‘ನನ್ನ ಮಾಹಿತಿಯೆಲ್ಲ ಕೊಡಿ’ ಎಂದು ಬರೆದರೆ ಕಾಗದದ ರಾಶಿ ಬರುತ್ತದೆ, ಬೇಕಾದ ಕರೆ ಇರುವುದಿಲ್ಲ. ಯಾವ ದಿನ, ಸುಮಾರು ಯಾವ ಹೊತ್ತು, ಯಾವ ನಂಬರಿನಿಂದ ಕರೆ ಮಾಡಿದಿರಿ ಎಂದು ಬರೆದು, ಆ ಕರೆಯ ಧ್ವನಿಮುದ್ರಣ ಮತ್ತು ನಿಮ್ಮ ಖಾತೆಯಲ್ಲಿ ಸಿಬ್ಬಂದಿ ಬರೆದಿಟ್ಟ ಟಿಪ್ಪಣಿ ಎರಡನ್ನೂ ಕೇಳಿ. ರೆಕಾರ್ಡಿಂಗ್‌ಗಳನ್ನು ಶಾಶ್ವತವಾಗಿ ಇಡುವುದಿಲ್ಲ, ಹಾಗಾಗಿ ಇದನ್ನು ಮುಂದೂಡಬೇಡಿ. ಕರೆಯ ನಂತರ ಬಂದ ದೃಢೀಕರಣ ಪತ್ರವನ್ನೂ ಹುಡುಕಿ ಓದಿ. ಬ್ಯಾಂಕು ಮೊದಲು ಹಿಡಿಯುವುದು ಅದನ್ನೇ: ‘ಫೋನಿನಲ್ಲಿ ಏನೇ ಹೇಳಿರಲಿ, ಪತ್ರದಲ್ಲಿ ಸರಿಯಾಗಿ ತಿಳಿಸಿದ್ದೇವೆ.’ ಪತ್ರ ಬಂದದ್ದು ಮೊದಲ ಕಂತು ತಪ್ಪಿದ ಮೇಲೆ ಎಂದಾದರೆ ಆ ವಾದ ನಿಲ್ಲುವುದಿಲ್ಲ. ಹಾಗಾಗಿ ಪತ್ರದ ತಾರೀಖನ್ನು ದೂರಿನಲ್ಲೇ ಬರೆಯಿರಿ.

ದೂರನ್ನು ಬ್ಯಾಂಕಿನ ದೂರು ವಿಭಾಗಕ್ಕೆ ಬರಹದಲ್ಲೇ ಕೊಡಿ, ಮೊದಲ ಸಾಲಿನಲ್ಲೇ ‘ಇದು ದೂರು’ ಎಂದಿರಲಿ. ಇಲ್ಲವಾದರೆ ಬರೀ ಮಾಹಿತಿ ಕೇಳಿದ್ದಾರೆ ಎಂದುಕೊಂಡು ಕಾಲ್ ಸೆಂಟರಿಗೆ ತಳ್ಳಿಬಿಡುತ್ತಾರೆ. ಸಲಹೆ ಕೊಟ್ಟವರು ಬ್ರೋಕರ್ ಆಗಿದ್ದರೆ ದೂರು ಅವರ ಮೇಲೆ, ಬ್ಯಾಂಕಿನ ಮೇಲಲ್ಲ. ಸಾಲ ಗಂಡ-ಹೆಂಡತಿ ಇಬ್ಬರ ಹೆಸರಲ್ಲಿದ್ದರೆ ಇಬ್ಬರ ಸಹಿಯೂ ಇರಲಿ. ಬರಹ ಒಂದು ಪುಟ ಮೀರಬೇಕಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಈ ಅರ್ಥ ಬಂದರೆ ಸಾಕು:

‘ಇಂಥ ದಿನ ಕರೆ ಮಾಡಿದಾಗ, ಕ್ರೆಡಿಟ್ ಫೈಲಿಗೆ ಪರಿಣಾಮವಿಲ್ಲ ಎಂದು ನಿಮ್ಮ ಸಿಬ್ಬಂದಿ ಹೇಳಿದರು. ಅದನ್ನು ನಂಬಿ ಮೂರು ಕಂತು ಕಟ್ಟಲಿಲ್ಲ. ಆ ದಿನ ನಮ್ಮ ಉಳಿತಾಯ ಖಾತೆಯಲ್ಲಿ ಇಷ್ಟು ಹಣವಿತ್ತು, ಸ್ಟೇಟ್‌ಮೆಂಟ್ ಲಗತ್ತಿಸಿದೆ. ಸರಿಯಾಗಿ ಹೇಳಿದ್ದರೆ ಕಟ್ಟುತ್ತಿದ್ದೆವು. ಬಾಕಿ ದಾಖಲೆಯಿಂದಾಗಿ ಇಂಥ ದಿನ ನಮ್ಮ ರೀಮಾರ್ಟ್‌ಗೇಜ್ ಅರ್ಜಿ ತಿರಸ್ಕೃತವಾಯಿತು. ದಾಖಲೆ ತೆಗೆಸಿ, ನಷ್ಟ ಭರಿಸಿ.’

ನಷ್ಟದ ಲೆಕ್ಕವನ್ನು ನೀವೇ ಮಾಡಿ ಕೊಡಿ. 1.8 ಲಕ್ಷ ಪೌಂಡ್ ಬಾಕಿಗೆ 4.5% ಬಡ್ಡಿಯ ಹೊಸ ಸಾಲ ತಪ್ಪಿ, ಈಗಿನ ಬ್ಯಾಂಕಿನ 7.5% ಸ್ಟ್ಯಾಂಡರ್ಡ್ ವೇರಿಯಬಲ್ ದರಕ್ಕೆ (ಡೀಲ್ ಮುಗಿದ ಮೇಲೆ ಬ್ಯಾಂಕು ಹಾಕುವ, ಬದಲಾಗುತ್ತಿರುವ ದರ) ಬಿದ್ದಿರಿ ಎಂದುಕೊಳ್ಳಿ. ವ್ಯತ್ಯಾಸ ವರ್ಷಕ್ಕೆ ಹತ್ತಿರಹತ್ತಿರ 5,400, ತಿಂಗಳಿಗೆ 450 ಪೌಂಡ್. ಜಗಳವಾಡಬೇಕಾದ್ದು ಈ ಹಣಕ್ಕೆ, ಕಂತಿನ 12 ಪೌಂಡಿಗಲ್ಲ. ಆದರೆ ಎರಡು ಪುರಾವೆ ಬೇಕು. ಹೊಸ ಬ್ಯಾಂಕು ತಿರಸ್ಕರಿಸಿದ್ದು ಆ ದಾಖಲೆಯಿಂದಲೇ ಹೊರತು ಸಂಬಳ ಸಾಲದೆಂದಲ್ಲ ಎಂದು ಬರಹದಲ್ಲಿ ಇರಬೇಕು. ನಷ್ಟ ತಗ್ಗಿಸಲು ನೀವೂ ಯತ್ನಿಸಿದ್ದೀರಿ, ಉದಾಹರಣೆಗೆ ಈಗಿನ ಬ್ಯಾಂಕಿನಲ್ಲೇ ಕಡಿಮೆ ದರದ ಹೊಸ ಡೀಲ್ ಕೇಳಿದ್ದೀರಿ ಎಂಬುದನ್ನೂ ತೋರಿಸಬೇಕು. ಮಾನಸಿಕ ತೊಂದರೆಗೆ ಒಂಬುಡ್ಸ್‌ಮನ್ ಕೊಡಿಸುವುದು ಸಾಮಾನ್ಯವಾಗಿ ನೂರರಿಂದ ಕೆಲವು ನೂರು ಪೌಂಡ್. ಸಾವಿರಗಟ್ಟಲೆ ಕೇಳಿದರೆ ಉಳಿದ ದೂರಿನ ಗಾಂಭೀರ್ಯವೇ ಹಾಳಾಗುತ್ತದೆ. ಘಟನೆ 2023ರ ಜುಲೈ 31ರ ನಂತರದ್ದಾದರೆ ಎಫ್‌ಸಿಎಯ ‘ಕನ್ಸ್ಯೂಮರ್ ಡ್ಯೂಟಿ’ಯನ್ನೂ ಒಂದು ಸಾಲಿನಲ್ಲಿ ನೆನಪಿಸಿ. ಗ್ರಾಹಕರಿಗೆ ಅರ್ಥವಾಗುವ ಹಾಗೆ ಹೇಳಬೇಕು, ಮುಂಗಾಣಬಹುದಾದ ಹಾನಿ ತಪ್ಪಿಸಬೇಕು ಎನ್ನುತ್ತದೆ ಅದು.

ದೂರು ನಡೆಯುತ್ತಿರುವಾಗ ಕೋಪಕ್ಕೆ ಕಂತು ನಿಲ್ಲಿಸಬೇಡಿ. ಹೊಸ ಬಾಕಿ ಹಳೆಯದರ ಮೇಲೆ ಕೂರುತ್ತದೆ, ಅದಕ್ಕೆ ಬ್ಯಾಂಕನ್ನು ದೂರಲಾಗದು.

ಬ್ಯಾಂಕಿಗೆ 8 ವಾರ ಸಮಯವಿದೆ. ಅಷ್ಟರಲ್ಲಿ ‘ಫೈನಲ್ ರೆಸ್ಪಾನ್ಸ್’, ಅಂದರೆ ದೂರಿಗೆ ಬ್ಯಾಂಕಿನ ಅಂತಿಮ ಉತ್ತರ, ಬರಬೇಕು. ಬರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ ಒಂಬುಡ್ಸ್‌ಮನ್ ಬಳಿ ಹೋಗಿ. ನಡುವೆ ‘ಸೌಜನ್ಯಕ್ಕಾಗಿ’ ಎಂದು 100 ಪೌಂಡ್ ಕೊಡಲು ಬಂದರೆ, ಅದು ಪೂರ್ಣ ಮತ್ತು ಅಂತಿಮ ಇತ್ಯರ್ಥ ಎಂಬ ಸಾಲು ಇದೆಯೇ ನೋಡಿಯೇ ಒಪ್ಪಿ. ಒಂಬುಡ್ಸ್‌ಮನ್ ಸೇವೆ ಉಚಿತ. ಪರಿಹಾರದಲ್ಲಿ ಪಾಲು ಕೇಳುವ ಕ್ಲೇಮ್ಸ್ ಕಂಪನಿಗಳ ಅಗತ್ಯವಿಲ್ಲ. ಮೊದಲು ತನಿಖಾಧಿಕಾರಿ ಅಭಿಪ್ರಾಯ ಕೊಡುತ್ತಾರೆ. ಯಾರಾದರೂ ಒಬ್ಬರು ಒಪ್ಪದಿದ್ದರೆ ಒಂಬುಡ್ಸ್‌ಮನ್ನರೇ ತೀರ್ಮಾನಿಸುತ್ತಾರೆ. ಅದನ್ನು ನೀವು ಒಪ್ಪಿದರೆ ಬ್ಯಾಂಕು ಪಾಲಿಸಲೇಬೇಕು.

ಗಡುವು ಎರಡಿವೆ. ಫೈನಲ್ ರೆಸ್ಪಾನ್ಸ್‌ನ ದಿನಾಂಕದಿಂದ 6 ತಿಂಗಳೊಳಗೆ ಒಂಬುಡ್ಸ್‌ಮನ್‌ಗೆ ಹೋಗಬೇಕು. ಅದಲ್ಲದೆ, ಘಟನೆಯಿಂದ 6 ವರ್ಷ, ಇಲ್ಲವೇ ಸಮಸ್ಯೆ ನಿಮಗೆ ತಿಳಿದ ಅಥವಾ ತಿಳಿಯಬೇಕಿದ್ದ ದಿನದಿಂದ 3 ವರ್ಷ, ಯಾವುದು ತಡವೋ ಅದರೊಳಗೆ ದೂರು ಕೊಟ್ಟಿರಬೇಕು. 2020ರ ಜೂನ್‌ನಲ್ಲಿ ಸಿಕ್ಕ ತಪ್ಪು ಸಲಹೆಗೆ 6 ವರ್ಷ ತುಂಬುವುದು 2026ರ ಜೂನ್‌ಗೆ. ಅಲ್ಲಿನ ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೋ ಮೈಸೂರಿಗೋ ವಾಪಸಾದವರು ಆನ್‌ಲೈನಿನಲ್ಲೇ ದೂರು ಕೊಡಬಹುದು. ಅಂಥವರು ಮೊದಲು ಬ್ಯಾಂಕಿನಲ್ಲಿ ಪತ್ರದ ವಿಳಾಸ ಬದಲಿಸಿಕೊಳ್ಳಿ. ಇಲ್ಲವಾದರೆ ಫೈನಲ್ ರೆಸ್ಪಾನ್ಸ್ ಬಾಡಿಗೆದಾರರ ಬಾಗಿಲಲ್ಲಿ ಬಿದ್ದಿರುತ್ತದೆ, ಆರು ತಿಂಗಳು ಅಲ್ಲಿಂದಲೇ ಓಡುತ್ತಿರುತ್ತದೆ.