ಸಂಜೆ ಆರಕ್ಕೆ ಕಂಪ್ರೆಸರ್ ನಿಲ್ಲಿಸಿದರೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಎನರ್ಜಿ ಆಡಿಟ್‌ಗೆಂದು ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಒಂದಕ್ಕೆ ಹೋಗಿದ್ದೆ. ಹೊರಗೆ ಲಾರಿಯಿಂದ ಮೆಣಸಿನಕಾಯಿ ಚೀಲ ಇಳಿಯುತ್ತಿದ್ದವು. ಆ ಘಾಟಿಗೆ ಪ್ಯಾನಲ್ ರೂಮಿನ ಬಾಗಿಲು ಹಾಕಿಕೊಂಡರೂ ಸೀನು ನಿಲ್ಲಲಿಲ್ಲ. ಹಿತ್ತಿಲಲ್ಲಿ 320 ಕೆವಿಎ ಜನರೇಟರ್, ಮೇಲೆ ಒಂದು ಬೆರಳು ಧೂಳು. ಮಾಲೀಕರು ಅದನ್ನೇ ನೋಡುತ್ತ ಅಂದರು: "ಲಕ್ಷಗಟ್ಟಲೆ ಹಾಕೇನ್ರಿ ಸರ್, ತಿಂಗಳಿಗೆ ಹತ್ತು ತಾಸೂ ಓಡಂಗಿಲ್ಲ. ಬ್ಯಾಸಗ್ಯಾಗ ಕರೆಂಟ್ ಕಮ್ಮಿ ಅಂತಾರಲ್ಲ, ನಂದನ್ನ ಓಡಿಸ್ಕೊಂಡು ಎರಡು ರೊಕ್ಕ ಕೊಡ್ರಿ ಅಂತ ಹೇಳ್ರಲಾ."

ನಗೆಯಾಡಿದ್ದರೂ ಪ್ರಶ್ನೆ ಸಣ್ಣದಲ್ಲ. ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ ಎಲ್ಲ ಒಮ್ಮೆ ಸುತ್ತಿ ಬನ್ನಿ. ಕಾರ್ಖಾನೆಗೊಂದು, ಆಸ್ಪತ್ರೆಗೆರಡು, ಕಲ್ಯಾಣ ಮಂಟಪಕ್ಕೊಂದು ಡಿಜಿ ಸೆಟ್, ಅಂದರೆ ಡೀಸೆಲ್ ಜನರೇಟರ್. ಈಚೆಗೆ ಮಾಳಿಗೆ ಮೇಲೆ ಸೋಲಾರ್ ಬೇರೆ. ಗ್ರಾಹಕರ ಅಂಗಳದಲ್ಲೇ ಇರುವ ಈ ಉತ್ಪಾದನೆಯನ್ನು, ಗ್ರಿಡ್‌ಗೆ ಏದುಸಿರು ಬರುವ ಹೊತ್ತಿನಲ್ಲಿ ಹೇಳಿ ಕರೆಸಿಕೊಂಡು, ಅದಕ್ಕೆ ದುಡ್ಡು ಕೊಡುವ ಪದ್ಧತಿ ಇದೆ. ಗ್ರಿಡ್ ಕೇಳಿದಾಗ ಗ್ರಾಹಕರು ತಮ್ಮ ಎಳೆತ ಇಳಿಸಿಕೊಡುವ 'ಡಿಮಾಂಡ್ ರೆಸ್ಪಾನ್ಸ್'ನ ಒಂದು ಬಗೆ ಅದು.

ಹೆಚ್ಚಿನವರಿಗೆ ಮೊದಲು ಬರುವ ತಪ್ಪು ಕಲ್ಪನೆ ಎಂದರೆ, ನಮ್ಮ ಜನರೇಟರ್ ಹೆಸ್ಕಾಂ ಲೈನಿಗೆ ಕರೆಂಟ್ ಕಳಿಸಬೇಕು ಎಂಬುದು. ಬೇಕಿಲ್ಲ. ಈ ಕೋಲ್ಡ್ ಸ್ಟೋರೇಜ್ ಗ್ರಿಡ್‌ನಿಂದ 180 ಕಿಲೋವಾಟ್ ಎಳೆಯುತ್ತಿದೆ ಎನ್ನಿ. ಸಂಜೆ ಏಳಕ್ಕೆ ಅದು ತನ್ನ ಪೂರ್ತಿ ಲೋಡನ್ನು ತನ್ನದೇ ಜನರೇಟರ್ ಮೇಲೆ ಹಾಕಿಕೊಂಡರೆ, ಆ ಭಾಗಕ್ಕೆ ಕರೆಂಟ್ ತರುವ ಫೀಡರ್ ಲೈನಿನ ಕಣ್ಣಿಗೆ 180 ಕಿಲೋವಾಟ್ ಹೊಸದಾಗಿ ಹುಟ್ಟಿದ ಹಾಗೆಯೇ. ಅಷ್ಟೇ ಅಲ್ಲ, ಆ ಕರೆಂಟು ದೂರದಿಂದ ಇಲ್ಲಿಗೆ ಬರುವಾಗ ತಂತಿಯಲ್ಲಿ, ಟ್ರಾನ್ಸ್‌ಫಾರ್ಮರಿನಲ್ಲಿ ಸೋರಿಹೋಗುತ್ತಿದ್ದುದೂ ಉಳಿಯಿತು.

ಸಂಜೆಯೇ ಯಾಕೆ? ಹಗಲು ಪಾವಗಡದಂಥ ಸೋಲಾರ್ ಪಾರ್ಕ್‌ಗಳು ತುಂಬಿ ಕೊಡುತ್ತವೆ, ಆರು ಗಂಟೆಗೆ ಕೈ ಬಿಡುತ್ತವೆ. ಗದಗಿನ ಕಡೆ ಕಪ್ಪತಗುಡ್ಡದ ಗಾಳಿಗಿರಣಿಗಳು ಆಷಾಢ, ಶ್ರಾವಣದಲ್ಲಿ ಭರ್ರೆಂದು ತಿರುಗುತ್ತವೆ. ಚೈತ್ರದಲ್ಲಿ ಅವಕ್ಕೆ ಅಷ್ಟು ಗಾಳಿಯಿಲ್ಲ. ಅದೇ ಸಂಜೆ ಹೊತ್ತಿಗೆ ಮನೆಮನೆಯಲ್ಲಿ ದೀಪ, ಫ್ಯಾನ್, ಏಸಿ. ಈ ನಾಲ್ಕು ತಾಸಿನ ತೆಗ್ಗು ತುಂಬಲಿಕ್ಕೆಂದೇ ಹೊಸ ಸ್ಥಾವರ ಕಟ್ಟುವುದೆಂದರೆ ವರ್ಷಕ್ಕೊಂದು ಮದುವೆಗಾಗಿ ಕಲ್ಯಾಣ ಮಂಟಪವನ್ನೇ ಕಟ್ಟಿಸಿದ ಹಾಗೆ.

ಇನ್ನು ಡೀಸೆಲ್ ಲೆಕ್ಕ. ಚೆನ್ನಾಗಿ ಲೋಡ್ ಆದ ಸೆಟ್ ಒಂದು ಲೀಟರಿಗೆ 3ರಿಂದ 3.5 ಯೂನಿಟ್ ಕೊಡುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ ಯೂನಿಟ್‌ಗೆ 26ರಿಂದ 30 ರೂಪಾಯಿ, ಬರೀ ಎಣ್ಣೆಗೆ. ಕಂಪನಿಗಳು ಕರೆಂಟ್ ಕೊಂಡು ಮಾರುವ ವಿದ್ಯುತ್ ವಿನಿಮಯ ಕೇಂದ್ರದ ಸಾಮಾನ್ಯ ಮಾರುಕಟ್ಟೆಯಲ್ಲಿ ಯೂನಿಟ್ ದರಕ್ಕೆ 2023ರಿಂದ 10 ರೂಪಾಯಿಯ ಮಿತಿ ಇದೆ. ಅಂದಮೇಲೆ ದಿನಾ ಜನರೇಟರ್ ಓಡಿಸಿ ಗ್ರಿಡ್ ಉಳಿಸುತ್ತೇನೆ ಎನ್ನುವುದು ಹುಚ್ಚುತನ. ದುಡ್ಡು ಕೊಟ್ಟರೂ ಕರೆಂಟ್ ಸಿಗದ, ಇಲ್ಲವೇ ಒಂದು ಫೀಡರ್ ಹೊರಲಾರದೆ ನರಳುವ ವರ್ಷದ ಕೆಲವೇ ತಾಸುಗಳಿಗೆ ಮಾತ್ರ ಅದರ ಬೆಲೆ. ಯೂನಿಟ್‌ಗೆ ಇಷ್ಟು ಎಂದು ಕೊಡುವುದಕ್ಕಿಂತ, ಕರೆದಾಗ ಬರುತ್ತೇನೆ ಎಂದು ತಯಾರಾಗಿ ನಿಂತಿದ್ದಕ್ಕೆ ಇಷ್ಟು ಎಂದು ಕೊಡುವುದೇ ಇಲ್ಲಿ ನ್ಯಾಯ.

ಅಮೆರಿಕದ ಓರೆಗನ್ ರಾಜ್ಯದಲ್ಲಿ ಪೋರ್ಟ್‌ಲ್ಯಾಂಡ್ ಜನರಲ್ ಎಲೆಕ್ಟ್ರಿಕ್ ಕಂಪನಿ ಬಹಳ ವರ್ಷಗಳಿಂದ ಇದನ್ನು ಮಾಡುತ್ತಿದೆ. ಗ್ರಾಹಕರ ಸ್ಟ್ಯಾಂಡ್‌ಬೈ ಸೆಟ್‌ಗಳಿಗೆ ತನ್ನ ನಿಯಂತ್ರಣ ಜೋಡಿಸಿ, ಇಂಧನ, ನಿರ್ವಹಣೆ ತಾನೇ ನೋಡಿಕೊಂಡು, ಬೇಕಾದಾಗ ತಾನೇ ಚಾಲೂ ಮಾಡುತ್ತದೆ. ಅದೇ ದೇಶದಲ್ಲಿ ಉಲ್ಟಾ ಕಥೆಯೂ ಇದೆ. ತುರ್ತು ಎಂಜಿನ್‌ಗಳು ಡಿಮಾಂಡ್ ರೆಸ್ಪಾನ್ಸ್‌ಗಾಗಿ ವರ್ಷಕ್ಕೆ 100 ತಾಸಿನವರೆಗೆ ಓಡಬಹುದು ಎಂದು ಅಲ್ಲಿನ ಪರಿಸರ ಸಂಸ್ಥೆ 2013ರಲ್ಲಿ ನಿಯಮ ಮಾಡಿತು. 2015ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಹೊಗೆಯ ಪ್ರಶ್ನೆ ನಮಗೂ ತಪ್ಪಿದ್ದಲ್ಲ. ನೂರು ಹಳೇ ಸೆಟ್‌ಗಳು ಒಂದೇ ಸಂಜೆ ಹುಬ್ಬಳ್ಳಿ ನಡುವೆ ಹೊಗೆ ಬಿಟ್ಟರೆ ಆ ಊರಲ್ಲಿ ಇರುವವರು ನಾವೇ.

ಬ್ಯಾಡಗಿಗೆ ವಾಪಸ್ ಬರೋಣ. 180 ಕಿಲೋವಾಟಿನಲ್ಲಿ 120 ಕಂಪ್ರೆಸರ್‌ನದ್ದೇ. ಮಾಲೀಕರಿಗೆ ಅಂದೆ: "ನಾಲ್ಕರಿಂದ ಆರರವರೆಗೆ ಚೇಂಬರ್‌ನ ಒಂದು ಡಿಗ್ರಿ ಜಾಸ್ತಿ ತಂಪು ಮಾಡ್ರಿ, ನಿಮ್ಮ ಸೋಲಾರೂ ಆಗ ಇನ್ನೂ ಸ್ವಲ್ಪ ಕೊಡತೈತಿ. ಆರಕ್ಕೆ ಕಂಪ್ರೆಸರ್ ಬಂದ್ ಮಾಡಿ ಬಾಗಿಲು ಹಾಕ್ರಿ." ಒಲ್ಲದ ಮನಸ್ಸಿನಿಂದ ಒಪ್ಪಿದರು. ಒಂದೂವರೆ ತಾಸು ಥರ್ಮಾಮೀಟರ್ ಮುಂದೆ ಕೂತೆವು. ಇಬ್ಬರಿಗೂ ಎರಡೆರಡು ಚಹಾ ಆಯಿತು. ಉಷ್ಣತೆ ಒಂದು ಡಿಗ್ರಿಯೂ ಏರಲಿಲ್ಲ. ಚೀಲಗಟ್ಟಲೆ ತಣ್ಣಗಾದ ಮೆಣಸಿನಕಾಯಿಯೇ ಅಲ್ಲಿ ಬ್ಯಾಟರಿ. ಒಂದು ಹನಿ ಡೀಸೆಲ್ ಸುಡದೆ 120 ಕಿಲೋವಾಟ್ ಇಳಿಯಿತು. ಇಡೀ ಲೋಡನ್ನು ಜನರೇಟರ್ ಮೇಲೆ ಹಾಕಿದ್ದರೆ ಅದೇ ಒಂದೂವರೆ ತಾಸಿಗೆ 270 ಯೂನಿಟ್, ಸುಮಾರು 82 ಲೀಟರ್, ಏಳು ಸಾವಿರದ ಮೇಲೆ ಖರ್ಚು.

"ಹಂಗಾರ ಕಂಪ್ರೆಸರೂ ಬಂದ್ ಮಾಡಿ, ಉಳಿದದ್ದನ್ನ ಜನರೇಟರ್ ಮ್ಯಾಲೆ ಹಾಕೋಣ" ಅಂದರು. ಅಲ್ಲೊಂದು ಕೊಕ್ಕೆ ಇದೆ. ಉಳಿದದ್ದು 60 ಕಿಲೋವಾಟ್. 320 ಕೆವಿಎ ಸೆಟ್ ಅಂದರೆ 256 ಕಿಲೋವಾಟ್. 60 ಅಂದರೆ ಅದರ ಕಾಲು ಭಾಗವೂ ಅಲ್ಲ. ಡೀಸೆಲ್ ಎಂಜಿನ್ ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ಬಹಳ ಹೊತ್ತು ಓಡಿದರೆ ಎಣ್ಣೆ ಪೂರ್ತಿ ಉರಿಯದೆ ಸೈಲೆನ್ಸರ್‌ನಲ್ಲಿ ಕಪ್ಪು ಜಿಡ್ಡು ಕೂಡುತ್ತದೆ. ಮಾಳಿಗೆ ಮೇಲಿನ ಸೋಲಾರನ್ನು ಹಗಲು ಹೊತ್ತು ಜನರೇಟರ್ ಜೊತೆ ಓಡಿಸಿದರೂ ಇದೇ ಗೋಳು: ಬಿಸಿಲು ಏರಿದಷ್ಟೂ ಎಂಜಿನ್ ಮೇಲಿನ ಲೋಡ್ ಇಳಿದು, ಕಂಟ್ರೋಲರ್ ಇಲ್ಲದಿದ್ದರೆ ಕೊನೆಗೆ ಕರೆಂಟು ಜನರೇಟರ್‌ನೊಳಕ್ಕೇ ನುಗ್ಗುತ್ತದೆ.

ಸುರಕ್ಷತೆಯ ಮಾತಿನಲ್ಲಿ ನಾನು ಜಿಗುಟು. ಲೈನ್‌ಮನ್ ಎಲ್‌ಸಿ (ಲೈನ್ ಬಂದ್ ಮಾಡಿಸಿದ ಒಪ್ಪಿಗೆ) ತೆಗೆದುಕೊಂಡು ಕಂಬ ಹತ್ತಿದ್ದಾನೆ, ಈ ಕಡೆಯಿಂದ ಯಾರದೋ ಜನರೇಟರಿನ ಕರೆಂಟು ಹಿಮ್ಮುಖವಾಗಿ ಲೈನಿಗೆ ನುಗ್ಗಿತು ಎಂದರೆ ಮುಂದಿನದನ್ನು ಬರೆಯಬೇಕಿಲ್ಲ. ಗ್ರಿಡ್ ಹೋದ ಕೂಡಲೇ ಸೋಲಾರ್ ಇನ್ವರ್ಟರ್ ತಾನೂ ನಿಲ್ಲುವುದು ಇದಕ್ಕೇ. 'ಇಷ್ಟು ಬಿಸಿಲಿದ್ದೂ ಕರೆಂಟ್ ಇಲ್ಲ' ಎಂದು ಬೈಯುವವರಿಗೆಲ್ಲ ಇದನ್ನೇ ಹೇಳುತ್ತೇನೆ. ಗ್ರಿಡ್ ಕಡಿದ ಮೇಲೆಯೇ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇದ್ದರೆ ಡಿಮಾಂಡ್ ರೆಸ್ಪಾನ್ಸ್‌ಗೆ ಸಾಕು. ಗ್ರಿಡ್ ಜೊತೆ ಸಮಾನಾಂತರ ಓಡಿಸುವುದಿದ್ದರೆ ವೋಲ್ಟೇಜ್, ಫ್ರೀಕ್ವೆನ್ಸಿ, ಫೇಸ್ ಮೂರೂ ಕೂಡಿಬರಬೇಕು, ಅವನ್ನು ಹೊಂದಿಸುವ ಸಿಂಕ್ ಪ್ಯಾನಲ್ ಬೇಕು, ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಬೇಕು.

ಎಲ್ಲಕ್ಕಿಂತ ಜಗಳದ ವಿಷಯ ಅಳತೆ. ಉಳಿಸಿದ್ದಕ್ಕೆ ದುಡ್ಡು ಎಂದರೆ, ಉಳಿಸದೇ ಇದ್ದಿದ್ದರೆ ಎಷ್ಟು ಬಳಸುತ್ತಿದ್ದರು ಎಂದು ಹೇಗೋ ಅಂದಾಜು ಮಾಡಬೇಕು. ಸಾಮಾನ್ಯವಾಗಿ ಹಿಂದಿನ ಹತ್ತು ಕೆಲಸದ ದಿನಗಳಲ್ಲಿ ಹೆಚ್ಚು ಬಳಸಿದ ಐದರ ಸರಾಸರಿ ಹಿಡಿಯುತ್ತಾರೆ. ಆಫೀಸಿಗೆ ಇದು ಸರಿ. ಬ್ಯಾಡಗಿಯಲ್ಲಿ? ಸೀಜನ್ ಏರುವಾಗ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಾಟವಾಗುವ ಟೆಂಡರ್ ದಿನದ ಮಾಲು ಒಳಗೆ ಬಂದ ಮೇಲೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ಮೊನ್ನೆಯ ಸರಾಸರಿ ಇವತ್ತಿಗೆ ಕಡಿಮೆ ಬಿದ್ದು, ನಿಜಕ್ಕೂ ಲೋಡ್ ಇಳಿಸಿದವನಿಗೆ 'ನೀನು ಏನೂ ಉಳಿಸಿಲ್ಲ' ಎಂಬ ಉತ್ತರ ಸಿಗುತ್ತದೆ. ಟೆಂಡರ್ ದಿನಕ್ಕೆ ಟೆಂಡರ್ ದಿನವನ್ನೇ ಹೋಲಿಸಬೇಕು. ಸ್ಮಾರ್ಟ್ ಗ್ರಿಡ್ ಎಂದರೆ ನನ್ನ ಮಟ್ಟಿಗೆ ಮೊಬೈಲ್ ಆ್ಯಪ್ ಅಲ್ಲ, 15 ನಿಮಿಷಕ್ಕೊಮ್ಮೆ ಸರಿಯಾಗಿ ಬರೆದಿಡುವ, ಎರಡೂ ಕಡೆಯವರು ನಂಬುವ ಮೀಟರ್.

ಸದ್ಯ ನಮ್ಮ ಕೈಯಲ್ಲಿರುವುದು ಟಿಒಡಿ ದರ, ಅಂದರೆ ದಿನದ ಹೊತ್ತಿಗೆ ತಕ್ಕಂತೆ ಬದಲಾಗುವ ದರ. 2023ರ ಕೇಂದ್ರದ ನಿಯಮದ ಪ್ರಕಾರ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ ಬೇಡಿಕೆ ಏರಿದ ಪೀಕ್ ಹೊತ್ತಿನ ದರ ಸಾಮಾನ್ಯ ದರದ 1.2 ಪಟ್ಟಿಗಿಂತ ಕಡಿಮೆ ಇರಬಾರದು, ಬಿಸಿಲ ಹೊತ್ತಿನಲ್ಲಿ ಶೇ. 20ರಷ್ಟಾದರೂ ಇಳಿಯಬೇಕು. ಕಂಪ್ರೆಸರ್ ಸರಿಸಿ ಹಾಕಿದ್ದಕ್ಕೆ ಆ ವ್ಯತ್ಯಾಸವೇ ಕೂಲಿ.

ಹೊರಡುವ ಮುಂಚೆ ಒಮ್ಮೆ ಜನರೇಟರ್ ಚಾಲೂ ಮಾಡಿ ನೋಡೋಣ ಅಂದೆ. ಆಪರೇಟರ್ ಕೀ ತಿರುಗಿಸಿದ. ಟಕ್ ಎಂದಿತು, ಅಷ್ಟೆ. ಸ್ಟಾರ್ಟಿಂಗ್ ಬ್ಯಾಟರಿ ಸತ್ತಿತ್ತು. "ಹೋದ ವಾರ ಚಲೋ ಇತ್ರಿ ಸಾಹೇಬ್ರ" ಎಂದು ಅವನು ತಲೆ ಕೆರೆದುಕೊಂಡ. ಮಾಲೀಕರು ನನ್ನ ಕಡೆ ನೋಡಲಿಲ್ಲ. ಫೋನ್ ತೆಗೆದು ಹಾವೇರಿಯ ಬ್ಯಾಟರಿ ಅಂಗಡಿಯ ನಂಬರ್ ಹುಡುಕತೊಡಗಿದರು.