ಪದ ಪರಿಚಯ: ಕೇಂದ್ರೀಯ ಬ್ಯಾಂಕ್

ನನ್ನ ಪರ್ಸಿನಲ್ಲಿ ಮುಂಬಯಿಯ ಮಾಟುಂಗಾದ ಹೋಟೆಲೊಂದರ ಐದು ರೂಪಾಯಿಯ ಕೂಪನ್ ಇನ್ನೂ ಇದೆ. ಚಿಲ್ಲರೆಗೆ ಬರ ಬಂದಿದ್ದ ದಿನಗಳಲ್ಲಿ ಗಲ್ಲಾದಲ್ಲಿ ಕುಳಿತಿದ್ದ ಯಜಮಾನರು ನಾಣ್ಯದ ಬದಲು ಕೊಟ್ಟದ್ದು. ಹಳದಿ ರಟ್ಟು, ಅದರ ಮೇಲೆ ಹೋಟೆಲಿನ ಮೊಹರು, ಮೂಲೆಯಲ್ಲಿ ಸಾಂಬಾರಿನ ಕಲೆ. ಮರುದಿನ ಅದನ್ನು ಕೊಟ್ಟರೆ ಕಾಫಿಯ ಬಿಲ್ಲಿನಲ್ಲಿ ಐದು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಎದುರಿನ ಹೂವಿನವಳು ಮಾತ್ರ ಮುಟ್ಟುತ್ತಿರಲಿಲ್ಲ. ಆಮೇಲೆ ಹೋಟೆಲು ಕೈ ಬದಲಾಯಿತು. ಹೊಸ ಯಜಮಾನರು ಕೂಪನನ್ನು ತಿರುಗಿಸಿ ನೋಡಿ, "ಇದು ನಮ್ಮದಲ್ಲ ಮಾರಾಯರೇ" ಎಂದು ನಕ್ಕರು.

ದೇಶಕ್ಕೆ ಕೇಂದ್ರೀಯ ಬ್ಯಾಂಕ್ ಬೇಕೇ ಬೇಡವೇ ಎಂಬ ವಾದ ಕೇಳಿದಾಗಲೆಲ್ಲ ನನಗೆ ಆ ರಟ್ಟು ನೆನಪಾಗುತ್ತದೆ.

ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ 'ಕೇಂದ್ರ' ಎಂದರೆ ದಿಲ್ಲಿ ಸರ್ಕಾರ. ಮುಂಬಯಿಯಲ್ಲಿ 'ಸೆಂಟ್ರಲ್ ಬ್ಯಾಂಕ್' ಎಂದರೆ 1911ರಲ್ಲಿ ಇಲ್ಲೇ ಹುಟ್ಟಿದ, ಯಾರು ಬೇಕಾದರೂ ಖಾತೆ ತೆರೆಯಬಹುದಾದ ಬ್ಯಾಂಕು. ಕೇಂದ್ರೀಯ ಬ್ಯಾಂಕ್ ಎಂಬುದು ಬ್ಯಾಂಕುಗಳ ಬ್ಯಾಂಕು. ನೋಟು ಹೊರಡಿಸುವುದು, ಬಡ್ಡಿದರ ಏರಿಳಿಸುವುದು, ಸರ್ಕಾರದ ಖಾತೆ ನೋಡಿಕೊಳ್ಳುವುದು ಅದರ ಕೆಲಸ. ಉಳಿದ ಬ್ಯಾಂಕುಗಳ ಹಣದಲ್ಲಿ ಒಂದು ಪಾಲನ್ನು ಮೀಸಲಾಗಿ ಇಟ್ಟುಕೊಂಡು, ಎಲ್ಲರೂ ಕೈಯೆತ್ತಿದಾಗ ಸಾಲ ಕೊಡುವುದೂ ಅದೇ. ನನ್ನ ಮಟ್ಟಿಗೆ ಈ ಕೊನೆಯ ಕೆಲಸವೇ ಅದರ ಜೀವಾಳ. ಆದ್ದರಿಂದ 'ರಿಸರ್ವ್' ಎಂಬ ಹೆಸರು 'ಕೇಂದ್ರೀಯ' ಎಂಬುದಕ್ಕಿಂತ ಚೆನ್ನಾಗಿ ಒಪ್ಪುತ್ತದೆ.

ಅದಿಲ್ಲದ ಕಾಲವನ್ನು ಈ ಊರು ಕಂಡಿದೆ. 1840ರಲ್ಲಿ ಆರಂಭವಾದ ಬ್ಯಾಂಕ್ ಆಫ್ ಬಾಂಬೆ ತನ್ನದೇ ನೋಟು ಹೊರಡಿಸುತ್ತಿತ್ತು, ದೊಡ್ಡವರ ಕೂಪನ್ ಎನ್ನಿ. 1861ರ ಕಾಯ್ದೆ ಆ ಹಕ್ಕನ್ನು ಸರ್ಕಾರದ ಕೈಗೆ ಕೊಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತು, ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ಆ ಹಣವೆಲ್ಲ ಸಮುದ್ರಕ್ಕೆ ಮಣ್ಣು ತುಂಬುವ ಕಂಪನಿಗಳ ಷೇರಿಗೆ ಹರಿಯಿತು. ಬ್ಯಾಂಕು ಷೇರು ಅಡವಿಟ್ಟುಕೊಂಡು ಧಾರಾಳವಾಗಿ ಸಾಲ ಕೊಟ್ಟಿತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬಿತ್ತು, ಷೇರು ಬಿತ್ತು. 1868ರಲ್ಲಿ ಬ್ಯಾಂಕೇ ಮುಳುಗಿತು. ಕೈಹಿಡಿದೆತ್ತಲು ಮೇಲೊಂದು ಬ್ಯಾಂಕ್ ಇರಲಿಲ್ಲ.

ಇದ್ದಿದ್ದರೂ ಎತ್ತಬೇಕಿತ್ತೇ? 'ಬೇಡ' ಎನ್ನುವವರ ಗಟ್ಟಿ ಪ್ರಶ್ನೆ ಇದು. ಬಿದ್ದರೆ ಹಿಡಿಯುವವರಿದ್ದಾರೆಂದು ಗೊತ್ತಾದರೆ ಯಾರು ನೋಡಿ ನಡೆಯುತ್ತಾರೆ? ಅರ್ಥಶಾಸ್ತ್ರಜ್ಞ ಹಯೆಕ್ 1976ರಲ್ಲಿ ಇನ್ನೂ ಮುಂದೆ ಹೋಗಿ, ಹಣ ಹೊರಡಿಸುವುದನ್ನೇ ಖಾಸಗಿಯವರ ಪೈಪೋಟಿಗೆ ಬಿಡಿ ಎಂದರು. ಜಿಂಬಾಬ್ವೆಯ ಕೇಂದ್ರೀಯ ಬ್ಯಾಂಕಿನ ಹೆಸರೂ ರಿಸರ್ವ್ ಬ್ಯಾಂಕೇ. ಹಣದ ಬೆಲೆ ಅಷ್ಟು ಕುಸಿದು, ಅದು 2009ರಲ್ಲಿ ನೂರು ಲಕ್ಷ ಕೋಟಿ ಡಾಲರಿನ ನೋಟು ಹೊರಡಿಸಿತ್ತು. ಇನ್ನೊಂದು ಮಗ್ಗುಲಲ್ಲಿ ಅಮೆರಿಕವಿದೆ. ಅಧ್ಯಕ್ಷ ಜಾಕ್ಸನ್ 1832ರಲ್ಲಿ ಹಾಕಿದ ತಡೆಯಿಂದ ಅಲ್ಲಿನ ಕೇಂದ್ರೀಯ ಬ್ಯಾಂಕಿನ ಸನದು 1836ರಲ್ಲಿ ಮುಗಿಯಿತು. 1907ರಲ್ಲಿ ಜನ ಠೇವಣಿ ಹಿಂಪಡೆಯಲು ಮುಗಿಬಿದ್ದಾಗ ಜೆ.ಪಿ. ಮಾರ್ಗನ್ ಎಂಬ ಸಾಹುಕಾರ ಬ್ಯಾಂಕಿನವರನ್ನು ತನ್ನ ಗ್ರಂಥಾಲಯದಲ್ಲಿ ಕೂಡಿಹಾಕಿಕೊಂಡು ಹಣ ಹೊಂದಿಸಬೇಕಾಯಿತು. ದೇಶದ ಹಣೆಬರಹ ಒಬ್ಬರ ಮನೆಯ ಬೀಗದಲ್ಲಿರುವುದಕ್ಕಿಂತ ಕಾಯ್ದೆಯಡಿ ಇರುವುದೇ ವಾಸಿ ಎಂಬ ಪಕ್ಷ ನನ್ನದು. 1913ರಲ್ಲಿ ಅಮೆರಿಕವೂ ಫೆಡರಲ್ ರಿಸರ್ವ್‌ಗೆ ಬಂತು.

ನಮ್ಮ ರಿಸರ್ವ್ ಬ್ಯಾಂಕ್ 1935ರ ಏಪ್ರಿಲ್ 1ರಂದು ಕೋಲ್ಕತ್ತದಲ್ಲಿ ಆರಂಭವಾಗಿ 1937ರಲ್ಲಿ ಮುಂಬಯಿಗೆ ಬಂತು. ಮೊದಲು ಖಾಸಗಿ ಷೇರುದಾರರದಾಗಿದ್ದು, 1949ರಲ್ಲಿ ರಾಷ್ಟ್ರೀಕರಣಗೊಂಡಿತು.

ಬ್ಯಾಂಕ್ ಬೇಕೆಂದು ಒಪ್ಪಿದ ಮೇಲೂ ಜಗಳ ಉಳಿಯುತ್ತದೆ: ಅದರ ಲಗಾಮು ಯಾರ ಕೈಯಲ್ಲಿ? ಇದಕ್ಕೆ ಬೆಲೆ ತೆತ್ತವರು ನಮ್ಮ ಕರಾವಳಿ ಮೂಲದ ಬೆನೆಗಲ್ ರಾಮರಾವ್. ಏಳು ವರ್ಷಕ್ಕೂ ಮಿಕ್ಕಿ ಗವರ್ನರಾಗಿದ್ದವರು. ಅಷ್ಟು ದೀರ್ಘಕಾಲ ಆ ಕುರ್ಚಿಯಲ್ಲಿ ಇನ್ನಾರೂ ಕುಳಿತಿಲ್ಲ. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಹುಂಡಿಗಳ (ವ್ಯಾಪಾರಿಗಳ ಸಾಲಪತ್ರಗಳ) ಮೇಲಿನ ಸ್ಟಾಂಪ್ ಶುಲ್ಕ ಏರಿಸಿದಾಗ, ಇದು ಹಿಂಬಾಗಿಲಿನಿಂದ ಬಡ್ಡಿದರ ಏರಿಸಿದಂತೆ ಎಂದು ಅವರು ಆಕ್ಷೇಪಿಸಿದರು. ನೆಹರೂ ಸಚಿವರ ಪರ ನಿಂತರು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟರು.

ಈಗ ಬಡ್ಡಿದರ ನಿರ್ಧರಿಸುವ ಸಮಿತಿಯಲ್ಲಿ ಆರು ಮಂದಿ: ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು. ಮತ ಸಮವಾದರೆ ಗವರ್ನರರಿಗೆ ಇನ್ನೊಂದು ಮತ. ಆ ಗವರ್ನರರನ್ನು ನೇಮಿಸುವುದೂ ಸರ್ಕಾರವೇ.