ಮಾರುತ್‌ನ ಸೊಂಟ ಯಾಕೆ ಸಣ್ಣ?

ಕೋಲಾರದ ಕಡೆಯ ಶಾಲೆಗಳು ಬೆಂಗಳೂರಿಗೆ ಟೂರ್ ಹೊರಟರೆ ವಿಶ್ವೇಶ್ವರಯ್ಯ ಮ್ಯೂಸಿಯಂ ತಪ್ಪುವುದಿಲ್ಲ. ಅದರ ಆವರಣದಲ್ಲಿ ಎಚ್‌ಎಫ್-24 ಮಾರುತ್ ಯುದ್ಧವಿಮಾನ ನಿಂತಿದೆ. ಮಕ್ಕಳು ಮೂತಿಯ ಮುಂದೆ ಫೋಟೊ ತೆಗೆಸಿಕೊಂಡು ಒಳಗೆ ಓಡುತ್ತಾರೆ. ಮೇಷ್ಟ್ರುಗಳೇ, ಅವರನ್ನು ಐದು ನಿಮಿಷ ಅಲ್ಲೇ ನಿಲ್ಲಿಸಿ. ಪಕ್ಕಕ್ಕೆ ಕರೆದುಕೊಂಡು ಹೋಗಿ ವಿಮಾನದ ಸೊಂಟ ತೋರಿಸಿ.

ರೆಕ್ಕೆ ಕೂಡುವ ಕಡೆ ಒಡಲು ಸ್ವಲ್ಪ ಒಳಕ್ಕೆ ಎಳೆದುಕೊಂಡಿದೆ. ಅದು ಅಂದಕ್ಕೆ ಮಾಡಿದ್ದಲ್ಲ. ವಿಮಾನ ಬರುತ್ತಿದೆ ಅನ್ನುವ ಸುದ್ದಿ ಮುಂದಿನ ಗಾಳಿಗೆ ಮುಟ್ಟುವುದು ಶಬ್ದದ ವೇಗದಲ್ಲಿ. ಸಮುದ್ರಮಟ್ಟದಲ್ಲಿ ಅದು ಗಂಟೆಗೆ ಸುಮಾರು 1,225 ಕಿ.ಮೀ. ವಿಮಾನವೇ ಅಷ್ಟು ಜೋರಾಗಿ ಬಂದರೆ ಗಾಳಿಗೆ ದಾರಿ ಬಿಡಲು ಪುರುಸೊತ್ತೇ ಇಲ್ಲ. ಆಗ ಗಾಳಿಯ ಒತ್ತಡದ ಅಲೆಗಳು ಒತ್ತೊತ್ತಾಗಿ ಸೇರಿ ವಿಮಾನವನ್ನು ಹಿಂದಕ್ಕೆ ಜಗ್ಗುತ್ತವೆ.

1950ರ ದಶಕದ ಆರಂಭದಲ್ಲಿ ಅಮೆರಿಕದ ಎಂಜಿನಿಯರ್ ರಿಚರ್ಡ್ ವಿಟ್‌ಕಾಂಬ್ ಇದಕ್ಕೊಂದು ಉಪಾಯ ಕಂಡುಕೊಂಡರು. ವಿಮಾನವನ್ನು ಸೌತೆಕಾಯಿಯಂತೆ ಮೂತಿಯಿಂದ ಬಾಲದವರೆಗೆ ಬಿಲ್ಲೆ ಬಿಲ್ಲೆ ಹೆಚ್ಚಿದ್ದೀರಿ ಅಂದುಕೊಳ್ಳಿ. ರೆಕ್ಕೆಯೂ ಸೇರಿ ಪ್ರತಿ ಬಿಲ್ಲೆಯ ವಿಸ್ತೀರ್ಣ ನಿಧಾನವಾಗಿ ಹೆಚ್ಚಿ, ನಿಧಾನವಾಗಿ ಕಡಿಮೆಯಾಗಬೇಕು. ರೆಕ್ಕೆ ಬಂದ ಕಡೆ ವಿಸ್ತೀರ್ಣ ದಿಢೀರನೆ ಏರುತ್ತದೆ, ಅಲ್ವಾ? ಆದ್ದರಿಂದ ಅಲ್ಲಿ ಒಡಲು ಸಣ್ಣದಾಗಬೇಕು. ಅಮೆರಿಕದ ವೈಎಫ್-102 ವಿಮಾನ ಮೊದಲು ಶಬ್ದದ ವೇಗ ದಾಟದೆ ಒದ್ದಾಡಿತು. 1954ರಲ್ಲಿ ಸೊಂಟ ಸಣ್ಣ ಮಾಡಿದ ಮೇಲೆ ದಾಟಿತು.

ಮಾರುತ್‌ನ ಅಕ್ಕಪಕ್ಕದ ಗಾಳಿಬಾಯಿಗಳಲ್ಲಿ ಅರ್ಧ ಶಂಕುವಿನಂಥ ಮೊನೆಯೂ ಇದೆ. ಶಬ್ದಕ್ಕಿಂತ ವೇಗವಾಗಿ ಬರುವ ಗಾಳಿಯನ್ನು ಎಂಜಿನ್‌ಗೆ ಮೊದಲೇ ನಿಧಾನ ಮಾಡುವುದು ಅದರ ಕೆಲಸ. ಅಂದರೆ ಮೈಯೆಲ್ಲ ವೇಗಕ್ಕೆಂದೇ ತಯಾರಾಗಿತ್ತು.

ಕೈ ಕೊಟ್ಟಿದ್ದು ಎಂಜಿನ್. ಜರ್ಮನಿಯ ವಿಮಾನ ವಿನ್ಯಾಸಕ ಕರ್ಟ್ ಟ್ಯಾಂಕ್ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಕೂತು ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1961ರ ಜೂನ್ 17ರಂದು. ಶಬ್ದದ ಎರಡರಷ್ಟು ವೇಗದ ಆಸೆಯಿತ್ತು. ಅದಕ್ಕೆ ಬೇಕಿದ್ದ ಬ್ರಿಟನ್ನಿನ ಬಲವಾದ ಎಂಜಿನ್ ಬರಲೇ ಇಲ್ಲ. ಕೈಗೆ ಸಿಕ್ಕಿದ್ದು ತಲಾ ಸುಮಾರು 2,200 ಕಿಲೋ ನೂಕುಬಲದ ಎರಡು ಆರ್ಫಿಯಸ್ ಎಂಜಿನ್. ಅವುಗಳಿಂದ ಮಾರುತ್ ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು.

ಹಾಗಂತ ಅದು ಸೋತ ವಿಮಾನ ಅನ್ನುವುದು ಅನ್ಯಾಯ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ಎರಗಿದ ವಿಮಾನಗಳಲ್ಲಿ ಇದೂ ಒಂದು. ತಗ್ಗಿನಲ್ಲಿ ಅಲುಗಾಡದೆ ಹಾರುತ್ತಿತ್ತು. ಮೂತಿಯಲ್ಲಿ 30 ಮಿ.ಮೀ.ನ ನಾಲ್ಕು ಫಿರಂಗಿ. ಎರಡು ಎಂಜಿನ್ ಇದ್ದದ್ದೂ ಒಳ್ಳೆಯದೇ ಆಯಿತು. ಒಂದು ಹೋದ ಮೇಲೂ ಇನ್ನೊಂದರಲ್ಲೇ ಮರಳಿದ ಮಾರುತ್‌ಗಳಿವೆ.

ನಮ್ಮವರು ಬೇರೆ ಎಂಜಿನ್ ಹುಡುಕದೆ ಸುಮ್ನೆ ಕೂತಿರಲಿಲ್ಲ. ಈಜಿಪ್ಟ್ ತಯಾರಿಸುತ್ತಿದ್ದ ಇ-300 ಎಂಜಿನ್ ಕೂಡಿಸಿ ಅಲ್ಲೇ ಒಂದು ಮಾರುತ್ ಹಾರಿಸಿ ನೋಡಿದರು. 1969ರಲ್ಲಿ ಈಜಿಪ್ಟ್ ಆ ಯೋಜನೆಯನ್ನೇ ಕೈಬಿಟ್ಟಿತು. ಎಂಜಿನ್‌ಗೆ ಹೊರಗಿನವರ ಕೈ ನೋಡುವುದು ಅಲ್ಲಿಗೇ ಮುಗಿಯಲಿಲ್ಲ. ನಮ್ಮ ಈಗಿನ ಯುದ್ಧವಿಮಾನ ತೇಜಸ್ ಮಾರ್ಕ್-1ರ ಒಳಗಿರುವ ಎಫ್-404 ಎಂಜಿನ್ ಕೂಡ ಅಮೆರಿಕದ್ದು.